ವಸಡಿನ ಪಾಕೆಟ್‌ನೊಳಗೆ ಔಷಧ ಇಡುವ ಚಿಕಿತ್ಸೆ: ಒಪ್ಪುವ ಮುನ್ನ, ಇಡಿಸಿಕೊಳ್ಳುವ ದಿನ, ಆಮೇಲಿನ ಮೂರು ತಿಂಗಳು

ವಸಡು ರೋಗಕ್ಕೆ ಆಳದ ಶುಚಿಗೊಳಿಸುವಿಕೆ ಮುಗಿದು ಕೆಲವು ವಾರಗಳ ಬಳಿಕ ಮರುತಪಾಸಣೆಗೆ ಹೋದಾಗ, ದಂತವೈದ್ಯರು ಅಳತೆ ತೆಗೆದು, "ಉಳಿದ ಕಡೆಯೆಲ್ಲ ಚೆನ್ನಾಗಿದೆ, ಈ ಎರಡು ಮೂರು ಜಾಗ ಮಾತ್ರ ಇಳಿದಿಲ್ಲ, ಅಲ್ಲಿ ಔಷಧ ಇಡೋಣ" ಎಂದು ಹೇಳುವುದುಂಟು. ಮಾತ್ರೆಯೂ ಅಲ್ಲದ, ಬಾಯಿ ಮುಕ್ಕಳಿಸುವ ದ್ರವವೂ ಅಲ್ಲದ ಈ ಔಷಧವನ್ನು ಹಲ್ಲು ಮತ್ತು ವಸಡಿನ ನಡುವಿನ ಸಂದಿನೊಳಕ್ಕೆ ನೇರವಾಗಿ ಸೇರಿಸಲಾಗುತ್ತದೆ. ಇದು ಯಾರಿಗೆ ಉಪಯುಕ್ತ, ಒಪ್ಪುವ ಮುನ್ನ ಏನನ್ನು ಕೇಳಬೇಕು, ಇಟ್ಟ ಮೇಲೆ ಹೇಗೆ ನಡೆದುಕೊಳ್ಳಬೇಕು, ಫಲ ಸಿಕ್ಕಿತೋ ಇಲ್ಲವೋ ಎಂದು ಹೇಗೆ ತಿಳಿಯಬೇಕು ಎಂಬುದನ್ನು ರೋಗಿಯ ಕಡೆಯಿಂದ ನೋಡಿ ಕ್ರಮವಾಗಿ ವಿವರಿಸುವುದು ಈ ಲೇಖನದ ಉದ್ದೇಶ. ಇದು ತಪಾಸಣೆಗೆ ಬದಲಿಯಲ್ಲ. ತಪಾಸಣೆಯ ಕುರ್ಚಿಯಲ್ಲಿ ಕುಳಿತಾಗ ಸರಿಯಾದ ಪ್ರಶ್ನೆ ಕೇಳಲು ಬೇಕಾದ ತಿಳಿವಳಿಕೆ ಮಾತ್ರ.

ಸಂದಿನೊಳಗೇ ಏಕೆ ಇಡಬೇಕು?

ಆರೋಗ್ಯವಾಗಿರುವ ವಸಡು ಹಲ್ಲನ್ನು ಅಪ್ಪಿಕೊಂಡಿರುತ್ತದೆ. ಅವೆರಡರ ನಡುವೆ 1ರಿಂದ 3 ಮಿಲಿಮೀಟರ್ ಆಳದ ಸಣ್ಣ ಸಂದು ಇರುವುದು ಸಹಜ. ಪಾಚಿ ಕಟ್ಟಿ, ಅದು ಗಾರೆಯಾಗಿ ಗಟ್ಟಿಯಾಗಿ, ಅದರ ಮೇಲೆ ಮತ್ತೆ ಪಾಚಿ ಬೆಳೆದು ವಸಡು ಉರಿಯೂತಕ್ಕೊಳಗಾದಾಗ ಹಲ್ಲಿನ ಬೇರನ್ನು ಹಿಡಿದಿರುವ ತಂತುಗಳೂ ಅದರ ಸುತ್ತಲ ಮೂಳೆಯೂ ಕರಗತೊಡಗುತ್ತವೆ. ಆಗ ಆ ಸಂದು ಆಳವಾಗಿ ಪಾಕೆಟ್ ಆಗುತ್ತದೆ. ಹಲ್ಲುಜ್ಜುವ ಬ್ರಷ್ಷು ಈ ಪಾಕೆಟ್‌ನ ಬಾಯನ್ನು ಮುಟ್ಟೀತೇ ಹೊರತು ತಳವನ್ನಲ್ಲ. ಬಾಯಿ ಮುಕ್ಕಳಿಸುವ ದ್ರವವೂ ಅಷ್ಟೇ, ವಸಡಿನ ಅಂಚಿನ ಕೆಳಗೆ ಇಳಿಯುವುದು ತೀರ ಅತ್ಯಲ್ಪ. ಮಾತ್ರೆಯ ರೂಪದ ಆ್ಯಂಟಿಬಯಾಟಿಕ್ ರಕ್ತದ ಮೂಲಕ ಅಲ್ಲಿಗೆ ತಲುಪುತ್ತದೆ ನಿಜ. ಆದರೆ ಮೂರು ಹಲ್ಲುಗಳ ಬಳಿಯ ತೊಂದರೆಗಾಗಿ ಇಡೀ ದೇಹ ಔಷಧವನ್ನು ಹೊರಬೇಕಾಗುತ್ತದೆ, ಹೊಟ್ಟೆಯ ತೊಂದರೆಯಿಂದ ಹಿಡಿದು ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುವವರೆಗಿನ ಅಪಾಯಗಳೂ ಅದರ ಜೊತೆಗೆ ಬರುತ್ತವೆ.

ಹಾಗಾದರೆ ಪಾಕೆಟ್‌ನೊಳಗೆ ಸಿರಿಂಜಿನಿಂದ ಔಷಧದ ದ್ರವ ಹರಿಸಿಬಿಟ್ಟರೆ ಸಾಲದೇ? ಸಾಲದು, ಈ ಇಡೀ ಚಿಕಿತ್ಸಾಕ್ರಮ ಹುಟ್ಟಿದ್ದೇ ಆ ಸೋಲಿನಿಂದ. ಉರಿಯೂತವಾದ ವಸಡಿನಿಂದ ಪಾಕೆಟ್‌ನೊಳಕ್ಕೆ ಸದಾ ಒಂದು ದ್ರವ ಜಿನುಗುತ್ತಿರುತ್ತದೆ. ಸುಮಾರು 5 ಮಿಲಿಮೀಟರ್ ಆಳದ ಪಾಕೆಟ್‌ನಲ್ಲಿ ಯಾವುದೇ ಹೊತ್ತಿನಲ್ಲಿ ಇರುವ ದ್ರವ ಅರ್ಧ ಮೈಕ್ರೋಲೀಟರಿನಷ್ಟು. ಗಂಟೆಗೆ ಜಿನುಗುವುದು 20 ಮೈಕ್ರೋಲೀಟರಿನಷ್ಟು. ಅಂದರೆ ಪಾಕೆಟ್‌ನೊಳಗಿನ ದ್ರವ ಗಂಟೆಗೆ ಸುಮಾರು 40 ಬಾರಿ ಹೊಸದಾಗುತ್ತದೆ, ಮತ್ತು ಬೇರಿಗಾಗಲಿ ವಸಡಿಗಾಗಲಿ ಅಂಟಿಕೊಳ್ಳದ ಔಷಧದ ಪ್ರಮಾಣ ಒಂದೇ ನಿಮಿಷದಲ್ಲಿ ಅರ್ಧಕ್ಕಿಳಿಯುತ್ತದೆ. ಹರಿಯುವ ತೊರೆಯಲ್ಲಿ ಬಣ್ಣ ಕದಡಿದಂತೆ. ಆದ್ದರಿಂದ ಔಷಧವನ್ನು ಒಮ್ಮೆಗೇ ಸುರಿಯುವುದಲ್ಲ, ದಿನಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಬಿಡುವ ಒಂದು ಆಸರೆಯೊಳಗೆ ಅದನ್ನು ತುಂಬಿ ಅಲ್ಲಿ ನೆಲೆಗೊಳಿಸಬೇಕು. 1979ರಲ್ಲಿ ಮ್ಯಾಕ್ಸ್ ಗುಡ್ಸನ್ ಮತ್ತು ಸಂಗಡಿಗರು ಟೆಟ್ರಾಸೈಕ್ಲಿನ್ ತುಂಬಿದ ಟೊಳ್ಳು ನೂಲನ್ನು ಪಾಕೆಟ್‌ನಲ್ಲಿ ಸುತ್ತಿಟ್ಟು ಈ ದಾರಿಯನ್ನು ತೋರಿಸಿದರು. ಆನಂತರ ಬಂದ, ಔಷಧ ಬೆರೆತ ಘನ ನೂಲಿನಿಂದ ಪಾಕೆಟ್‌ನ ದ್ರವದಲ್ಲಿ ಪ್ರತಿ ಮಿಲಿಲೀಟರಿಗೆ 1,300 ಮೈಕ್ರೋಗ್ರಾಂ ಮೀರಿದ ಟೆಟ್ರಾಸೈಕ್ಲಿನ್ ಹತ್ತು ದಿನಗಳ ಕಾಲ ನಿಂತಿತು. ಅದೇ ಔಷಧವನ್ನು ಮಾತ್ರೆಯಾಗಿ ನುಂಗಿದರೆ ಅಲ್ಲಿ ಸಿಗುವುದು 4ರಿಂದ 8 ಮೈಕ್ರೋಗ್ರಾಂ ಮಾತ್ರ.

ಇಷ್ಟು ಪ್ರಬಲವಾದ ಔಷಧವೇ ಎಲ್ಲವನ್ನೂ ಮಾಡಿಬಿಡಬೇಕಲ್ಲವೇ ಎಂಬ ನಿರೀಕ್ಷೆ ಸಹಜ. ಮುಂದಿನ ಹಂತಗಳು ಆ ನಿರೀಕ್ಷೆಯನ್ನು ಸ್ವಲ್ಪ ತಗ್ಗಿಸುತ್ತವೆ.

ಮೊದಲನೆಯದು: ನಿಮ್ಮ ಅಳತೆಗಳನ್ನು ತಿಳಿದುಕೊಳ್ಳಿ

ವೈದ್ಯರು ಮಿಲಿಮೀಟರ್ ಗುರುತುಗಳಿರುವ ತೆಳುವಾದ ಪ್ರೋಬ್ ಎಂಬ ಕಡ್ಡಿಯನ್ನು ಪ್ರತಿ ಹಲ್ಲಿನ ಸುತ್ತ ಆರು ಕಡೆ ಮೆಲ್ಲನೆ ಇಳಿಸಿ ಆಳವನ್ನು ಬರೆದುಕೊಳ್ಳುತ್ತಾರೆ. ಪ್ರೋಬ್ ತೆಗೆದ ಮೇಲೆ ರಕ್ತ ಬಂತೇ ಎಂಬುದನ್ನೂ ಗುರುತು ಹಾಕುತ್ತಾರೆ. ಈ ಚಾರ್ಟಿನ ಪ್ರತಿಯನ್ನು ಕೇಳಿ ಪಡೆಯಿರಿ. ಅದು ನಿಮ್ಮ ದಾಖಲೆ, ಕೇಳುವುದರಲ್ಲಿ ಸಂಕೋಚ ಬೇಡ. ಅದರಲ್ಲಿ ನೋಡಬೇಕಾದ್ದು ಮೂರು: ಎಷ್ಟು ಜಾಗಗಳಲ್ಲಿ ಆಳ 5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು, ಆ ಜಾಗಗಳಲ್ಲಿ ರಕ್ತ ಬರುತ್ತಿದೆಯೇ, ಅವು ಎರಡು ಮೂರು ಹಲ್ಲುಗಳಿಗೆ ಸೀಮಿತವೋ ಅಥವಾ ಬಾಯಿ ತುಂಬ ಹರಡಿವೆಯೋ.

ಆಳವೊಂದೇ ಪೂರ್ತಿ ಕಥೆಯಲ್ಲ. ವಸಡು ಊದಿಕೊಂಡು ಮೇಲೆದ್ದರೂ ಆಳ ಹೆಚ್ಚು ಕಾಣುತ್ತದೆ. ವಸಡು ಕೆಳಸರಿದಿದ್ದರೆ ಮೂಳೆ ಸಾಕಷ್ಟು ನಷ್ಟವಾಗಿದ್ದರೂ ಆಳ ಕಡಿಮೆಯೇ ತೋರಬಹುದು. ಅದಕ್ಕಾಗಿಯೇ ಹಲ್ಲಿನ ಮೇಲಿನ ಒಂದು ಸ್ಥಿರ ಗೆರೆಯಿಂದ ಅಳೆಯುವ ಹಿಡಿತದ ನಷ್ಟವನ್ನೂ (ಬೇರನ್ನು ಹಿಡಿದಿರುವ ತಂತುಗಳು ಎಷ್ಟು ಕಳಚಿವೆ ಎಂಬುದನ್ನೂ) ಎಕ್ಸ್‌ರೇಯಲ್ಲಿ ಕಾಣುವ ಮೂಳೆಯ ಮಟ್ಟವನ್ನೂ ಜೊತೆಗಿಟ್ಟು ನೋಡಬೇಕಾಗುತ್ತದೆ.

ಎರಡನೆಯದು: ಶುಚಿಯಾಗದ ಪಾಕೆಟ್‌ಗೆ ಔಷಧ ಇಡಿಸಬೇಡಿ

ಈ ಲೇಖನದಲ್ಲಿ ಒಂದೇ ಮಾತನ್ನು ಒತ್ತಿ ಹೇಳಬೇಕೆಂದರೆ ನಾನು ಇದನ್ನೇ ಆಯ್ದುಕೊಳ್ಳುತ್ತೇನೆ. ಪಾಕೆಟ್‌ನಲ್ಲಿರುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲುವಂತೆ ಬಿಡಿಬಿಡಿಯಾಗಿ ಇರುವುದಿಲ್ಲ. ತಾವೇ ಸ್ರವಿಸಿದ ಅಂಟಿನೊಳಗೆ ಪದರ ಪದರವಾಗಿ ಬೇರಿಗೆ ಅಂಟಿ ವಾಸಿಸುತ್ತವೆ. ಬಯೋಫಿಲ್ಮ್ ಎನ್ನುವ ಈ ಪದರದೊಳಗಿನ ಬ್ಯಾಕ್ಟೀರಿಯಾವನ್ನು ಕೊಲ್ಲಲು ಬೇಕಾಗುವ ಔಷಧದ ಪ್ರಮಾಣ ಬಿಡಿ ಬ್ಯಾಕ್ಟೀರಿಯಾಕ್ಕೆ ಬೇಕಾಗುವುದಕ್ಕಿಂತ ನೂರಾರು ಪಟ್ಟು, ಕೆಲವೊಮ್ಮೆ ಸಾವಿರ ಪಟ್ಟಿನವರೆಗೂ ಹೆಚ್ಚಿರಬಹುದು. ಗಾರೆಯಂತೂ ಯಾವ ಔಷಧಕ್ಕೂ ಕರಗುವುದಿಲ್ಲ. ಈ ಪದರವನ್ನು ಕೆದಕಿ ಒಡೆಯುವ ಕೆಲಸ ಉಪಕರಣದ್ದು: ವಸಡಿನ ಕೆಳಗಿನ ಸ್ಕೇಲಿಂಗ್ ಮತ್ತು ಬೇರಿನ ಮೇಲ್ಮೈಯನ್ನು ನಯಗೊಳಿಸುವ ರೂಟ್ ಪ್ಲೇನಿಂಗ್. ಔಷಧ ಅದರ ಹಿಂದೆ ಬರುವ ಸಹಾಯಕ.

ಹಾಗಾಗಿ ಮೊದಲ ಭೇಟಿಯಲ್ಲೇ, ಶುಚಿಗೊಳಿಸುವ ಮೊದಲೇ, ಇಡೀ ಬಾಯಿಗೆ ಹತ್ತಾರು ಕಡೆ ಔಷಧ ಇಡುವ ಸಲಹೆ ಬಂದರೆ ಏಕೆಂದು ಕೇಳುವ ಹಕ್ಕು ನಿಮಗಿದೆ. ಶುಚಿಗೊಳಿಸಿದ ದಿನವೇ ಆಳದ ಜಾಗಗಳಲ್ಲಿ ಔಷಧ ಇಡುವ ಕ್ರಮವೂ ಬಳಕೆಯಲ್ಲಿದೆ, ಅದು ತಪ್ಪೆಂದು ಹೇಳಲಾಗದು. ಆದರೂ ಮೊದಲು ಶುಚಿಗೊಳಿಸಿ, ಆರು ವಾರಗಳಿಂದ ಮೂರು ತಿಂಗಳವರೆಗೆ ವಸಡಿಗೆ ಕೂಡಿಕೊಳ್ಳಲು ಕಾಲಾವಕಾಶ ಕೊಟ್ಟು, ಮತ್ತೆ ಅಳೆದು, ಉಳಿದ ಜಾಗಗಳನ್ನು ಮಾತ್ರ ಆರಿಸಿಕೊಳ್ಳುವುದು ಹೆಚ್ಚು ವಿವೇಕದ ದಾರಿ ಎಂಬುದು ನನ್ನ ಅಭಿಪ್ರಾಯ. ಬಹುಪಾಲು ಪಾಕೆಟ್‌ಗಳು ಬರಿಯ ಶುಚಿಗೊಳಿಸುವಿಕೆಗೇ ಇಳಿಯುತ್ತವೆ. ಇಳಿಯಲಿದ್ದ ಜಾಗಕ್ಕೆ ಔಷಧ ಇಟ್ಟು ಅದರ ಕೀರ್ತಿಯನ್ನು ಔಷಧಕ್ಕೆ ಕೊಡುವುದರಲ್ಲಿ ಅರ್ಥವಿಲ್ಲ.

ಆ ಕಾಯುವ ಅವಧಿಯಲ್ಲಿ ನಿಮ್ಮ ಪಾಲಿನ ಕೆಲಸವೂ ಇದೆ. ದಿನಕ್ಕೆರಡು ಬಾರಿ ವಸಡಿನ ಅಂಚನ್ನು ಮುಟ್ಟುವಂತೆ ಹಲ್ಲುಜ್ಜುವುದು, ಹಲ್ಲುಗಳ ನಡುವೆ ಇಂಟರ್‌ಡೆಂಟಲ್ ಬ್ರಷ್ ಅಥವಾ ದಂತದಾರ ಬಳಸುವುದು, ಹೊಗೆಬತ್ತಿಯನ್ನು ಬಿಡುವುದು, ಮಧುಮೇಹವಿದ್ದರೆ ಹತೋಟಿಗೆ ತರುವುದು. ಕೊನೆಯ ಎರಡನ್ನು ಉಪದೇಶಕ್ಕಾಗಿ ಹೇಳುತ್ತಿಲ್ಲ: 2018ರಲ್ಲಿ ಪ್ರಕಟವಾದ ವಸಡು ರೋಗದ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ದಿನಕ್ಕೆ 10 ಅಥವಾ ಹೆಚ್ಚು ಸಿಗರೇಟು ಸೇದುವವರನ್ನೂ, ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ರಕ್ತಸಕ್ಕರೆಯನ್ನು ತೋರಿಸುವ ಪರೀಕ್ಷೆ) 7 ಶೇಕಡಾ ಅಥವಾ ಹೆಚ್ಚಿರುವ ಮಧುಮೇಹಿಗಳನ್ನೂ ರೋಗ ಅತಿ ವೇಗವಾಗಿ ಮುಂದುವರಿಯುವ 'ಸಿ' ದರ್ಜೆಗೆ ಸೇರಿಸಲಾಗಿದೆ.

ಮೂರನೆಯದು: ಇದು ನಿಮ್ಮ ಜಾಗಕ್ಕೆ ಹೊಂದುತ್ತದೆಯೇ ನೋಡಿ

ಶುಚಿಗೊಳಿಸಿದ ಮೇಲೂ 5 ಮಿಲಿಮೀಟರ್ ಅಥವಾ ಹೆಚ್ಚು ಆಳ ಉಳಿದು, ಪ್ರೋಬ್ ತಾಗಿದರೆ ರಕ್ತ ಬರುತ್ತಿರುವ, ಅಲ್ಲೊಂದು ಇಲ್ಲೊಂದು ಎಂಬಂತಿರುವ ಜಾಗಗಳಿಗೆ ಈ ಚಿಕಿತ್ಸೆ ಚೆನ್ನಾಗಿ ಹೊಂದುತ್ತದೆ. ಹಲವು ವರ್ಷ ಹತೋಟಿಯಲ್ಲಿದ್ದು ಒಂದೆರಡು ಕಡೆ ರೋಗ ಮತ್ತೆ ತಲೆಯೆತ್ತಿದಾಗಲೂ, ಬೇರೆ ಕಾಯಿಲೆಯಿಂದ ಶಸ್ತ್ರಚಿಕಿತ್ಸೆಗೆ ಒಡ್ಡಿಕೊಳ್ಳಲಾಗದವರಿಗೂ ಇದು ಪರಿಗಣಿಸಬಹುದಾದ ಆಯ್ಕೆ.

ಬಾಯಿ ತುಂಬ ಆಳದ ಪಾಕೆಟ್‌ಗಳಿದ್ದರೆ ಒಂದೊಂದಕ್ಕೂ ಔಷಧ ಇಡುವುದು ಕಾರ್ಯಸಾಧ್ಯವಲ್ಲ. ದವಡೆಹಲ್ಲಿನ ಬೇರುಗಳು ಕವಲೊಡೆಯುವ ಜಾಗದವರೆಗೆ ಮೂಳೆ ಹೋಗಿದ್ದರೆ, ಅಥವಾ ಮೂಳೆಯೊಳಗೆ ಬಾವಿಯಂತೆ ಕಡಿದಾದ ಗುಂಡಿ ಬಿದ್ದಿದ್ದರೆ, ಔಷಧದಿಂದ ಹೆಚ್ಚಿನದನ್ನು ನಿರೀಕ್ಷಿಸಲಾಗದು. ಅಲ್ಲಿ ವಸಡನ್ನು ತೆರೆದು ಮಾಡುವ ಶಸ್ತ್ರಚಿಕಿತ್ಸೆಯ ಮಾತೇ ಮೊದಲು ಬರಬೇಕು. ಕೀವು ತುಂಬಿ ಊದಿಕೊಂಡ ಜಾಗದಲ್ಲಿ ಮೊದಲು ಕೀವು ಹೊರಬರಬೇಕು. ಇನ್ನೊಂದು ಸಂದರ್ಭವನ್ನು ಅನುಭವಿಗಳೂ ಕೆಲವೊಮ್ಮೆ ಮರೆಯುತ್ತಾರೆ: ಬಾಯಿಯ ಉಳಿದೆಡೆ ಎಲ್ಲ ಸರಿಯಿದ್ದು ಒಂದೇ ಹಲ್ಲಿನ ಒಂದೇ ಬದಿಯಲ್ಲಿ ಕಿರಿದಾದ, ತೀರ ಆಳವಾದ ಪಾಕೆಟ್ ಇದ್ದರೆ, ಅದು ಬೇರಿನ ಸೀಳು ಅಥವಾ ಹಲ್ಲಿನ ನರದ ಸೋಂಕು ಆಗಿರಬಹುದು. ಅಂಥ ಕಡೆ ಎಷ್ಟು ಬಾರಿ ಔಷಧ ಇಟ್ಟರೂ ವ್ಯರ್ಥ.

ನಾಲ್ಕನೆಯದು: ಯಾವ ಔಷಧ, ಯಾವ ರೂಪ ಎಂದು ಕೇಳಿ

ಕ್ಲೋರ್‌ಹೆಕ್ಸಿಡಿನ್ ಚಿಪ್ ಇವುಗಳಲ್ಲಿ ಸರಳವಾದದ್ದು. ಸುಮಾರು 5 ಮಿಲಿಮೀಟರ್ ಉದ್ದ, 4 ಮಿಲಿಮೀಟರ್ ಅಗಲ, 0.35 ಮಿಲಿಮೀಟರ್ ದಪ್ಪದ, ಒಂದು ತುದಿ ದುಂಡಾಗಿರುವ ಬಿಲ್ಲೆಯಿದು. ಅದರಲ್ಲಿ 2.5 ಮಿಲಿಗ್ರಾಂ ಕ್ಲೋರ್‌ಹೆಕ್ಸಿಡಿನ್ ಗ್ಲುಕೊನೇಟ್ ಇರುತ್ತದೆ. ಮೊದಲ ದಿನವೇ ಸುಮಾರು ಐದರಲ್ಲಿ ಎರಡು ಪಾಲು ಔಷಧ ಬಿಡುಗಡೆಯಾಗಿ, ಉಳಿದದ್ದು ಏಳರಿಂದ ಹತ್ತು ದಿನಗಳಲ್ಲಿ ಹೊರಬರುತ್ತದೆ. ಬಿಲ್ಲೆ ತಾನಾಗಿಯೇ ಕರಗುವುದರಿಂದ ತೆಗೆಸುವ ಪ್ರಮೇಯವಿಲ್ಲ. ಇದು ಆ್ಯಂಟಿಬಯಾಟಿಕ್ ಅಲ್ಲ, ಕ್ರಿಮಿನಾಶಕ. ಬ್ಯಾಕ್ಟೀರಿಯಾಗಳು ಆ್ಯಂಟಿಬಯಾಟಿಕ್‌ಗಳಿಗೆ ಒಗ್ಗಿಹೋಗುತ್ತಿರುವ ಈ ಕಾಲದಲ್ಲಿ ಅದೊಂದು ಅನುಕೂಲ. ಬಿಲ್ಲೆಯನ್ನು ಜೆಲಟಿನ್‌ನಿಂದ ಮಾಡಿರುತ್ತಾರೆ; ಜೆಲಟಿನ್ ಪ್ರಾಣಿಮೂಲದ್ದಾದ್ದರಿಂದ ಅಂಥದನ್ನು ಬಳಸದವರು ಮುಂಚಿತವಾಗಿಯೇ ತಿಳಿಸಬೇಕು.

ಡಾಕ್ಸಿಸೈಕ್ಲಿನ್ ಜೆಲ್ ಎರಡು ಸಿರಿಂಜುಗಳಲ್ಲಿ ಬರುತ್ತದೆ. ಒಂದರಲ್ಲಿ ಪುಡಿ, ಇನ್ನೊಂದರಲ್ಲಿ ಕರಗುವ ಪಾಲಿಮರ್. ಎರಡನ್ನೂ ಜೋಡಿಸಿ ಅತ್ತಿಂದಿತ್ತ ತಳ್ಳಿ ಬೆರೆಸಿ, 10 ಶೇಕಡಾ ಔಷಧದ ಈ ದ್ರವವನ್ನು ಪಾಕೆಟ್‌ಗೆ ತುಂಬುತ್ತಾರೆ. ಪಾಕೆಟ್‌ನ ತೇವ ತಾಗುತ್ತಲೇ ಅದು ಮೇಣದಂತೆ ಗಟ್ಟಿಯಾಗಿ, ವಾರದವರೆಗೆ ಔಷಧ ಬಿಡುತ್ತದೆ. ದ್ರವವಾಗಿ ಒಳಹೋಗುವುದರಿಂದ ಅಂಕುಡೊಂಕಾದ ಪಾಕೆಟ್‌ಗಳ ಮೂಲೆಮೂಲೆಗೂ ಇಳಿಯುವುದು ಇದರ ಗುಣ.

ಮಿನೊಸೈಕ್ಲಿನ್ ಸೂಕ್ಷ್ಮಗೋಲಗಳು ಪುಡಿಯಂತೆ ಕಾಣುತ್ತವೆ. ಒಂದು ಜಾಗಕ್ಕೆ 1 ಮಿಲಿಗ್ರಾಂ ಮಿನೊಸೈಕ್ಲಿನ್ ಇರುವ ಒಂದು ಕೊಳವೆ; ತೇವ ತಾಗಿ ಅಂಟಿಕೊಂಡು, ಪಾಲಿಮರ್ ನಿಧಾನಕ್ಕೆ ಕರಗುತ್ತ ಎರಡು ವಾರಗಳವರೆಗೆ ಕೆಲಸ ಮಾಡುತ್ತವೆ. ಮೆಟ್ರೊನಿಡಜೋಲ್‌ನ 25 ಶೇಕಡಾ ಜೆಲ್ ಕೂಡ ಉಂಟು. ಅದು ಬೇಗ ತೊಳೆದುಹೋಗುವುದರಿಂದ ವಾರದ ಅಂತರದಲ್ಲಿ ಎರಡು ಬಾರಿ ಹಾಕುತ್ತಾರೆ, ಮತ್ತು ಅದರಲ್ಲಿ ಎಳ್ಳೆಣ್ಣೆ ಇರುವುದನ್ನು ಎಳ್ಳಿನ ಅಲರ್ಜಿ ಇರುವವರು ನೆನಪಿಡಬೇಕು. ಟೆಟ್ರಾಸೈಕ್ಲಿನ್ ನೂಲಿನಲ್ಲಿ ಎರಡು ಬಗೆ: ಕರಗದ ನೂಲಾದರೆ ಹತ್ತು ದಿನಗಳ ಬಳಿಕ ಮತ್ತೆ ಹೋಗಿ ತೆಗೆಸಬೇಕು, ಕೊಲಾಜೆನ್‌ನ ನೂಲಾದರೆ ಅದು ತಾನೇ ಕರಗುತ್ತದೆ. ಟೆಟ್ರಾಸೈಕ್ಲಿನ್ ಗುಂಪಿನ ಔಷಧಗಳು ಬ್ಯಾಕ್ಟೀರಿಯಾವನ್ನು ತಡೆಯುವುದಲ್ಲದೆ, ವಸಡಿನ ತಂತುಗಳನ್ನು ಕತ್ತರಿಸುವ ಕೊಲಾಜಿನೇಸ್ ಕಿಣ್ವವನ್ನೂ ಹತ್ತಿಕ್ಕುತ್ತವೆ. ಬೇರಿನ ಮೇಲ್ಮೈಗೆ ಅಂಟಿಕೊಂಡು ನಿಲ್ಲುವ ಗುಣವೂ ಅವುಗಳಿಗಿದೆ.

ಇವುಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2015ರಲ್ಲಿ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಶುಚಿಗೊಳಿಸುವಿಕೆಯೊಂದರಿಂದಲೇ ಸಿಗುವ ಲಾಭದ ಮೇಲೆ ಹಿಡಿತದಲ್ಲಿ ಸರಾಸರಿ ಹೆಚ್ಚುವರಿಯಾಗಿ ಸಿಕ್ಕಿದ್ದು ಚಿಪ್‌ನಿಂದ 0.40, ಡಾಕ್ಸಿಸೈಕ್ಲಿನ್ ಜೆಲ್‌ನಿಂದ 0.64, ಮಿನೊಸೈಕ್ಲಿನ್ ಗೋಲಗಳಿಂದ 0.24 ಮಿಲಿಮೀಟರ್. ಜೆಲ್‌ನ ಅಂಕಿ ದೊಡ್ಡದಾಗಿ ಕಂಡರೂ ಅದರ ಹಿಂದಿನ ಪುರಾವೆ ಚಿಪ್‌ನದ್ದಕ್ಕಿಂತ ದುರ್ಬಲವೆಂದು ಪರಿಗಣಿಸಲಾಯಿತು. ಯುರೋಪಿನ ವಸಡು ತಜ್ಞರ ಒಕ್ಕೂಟದ 2020ರ ಮಾರ್ಗಸೂಚಿಯೂ ಇಂಥ ಔಷಧಗಳನ್ನು 'ಪರಿಗಣಿಸಬಹುದು' ಎನ್ನುತ್ತದೆಯೇ ಹೊರತು 'ಬಳಸಲೇಬೇಕು' ಎನ್ನುವುದಿಲ್ಲ. ಅದೇ ಮಾರ್ಗಸೂಚಿ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಔಷಧ), ಮೆಟ್‌ಫಾರ್ಮಿನ್ (ಮಧುಮೇಹದ ಔಷಧ) ಮತ್ತು ಬಿಸ್ಫಾಸ್ಫೊನೇಟ್ (ಮೂಳೆ ಸವೆತದ ಔಷಧ) ಜೆಲ್‌ಗಳನ್ನು ಬಳಸದಿರಲು ಹೇಳಿದೆ. ಸಂಶೋಧನಾ ಪತ್ರಿಕೆಗಳಲ್ಲಿ ಇವುಗಳ ಬಗೆಗೆ ಆಕರ್ಷಕ ಫಲಿತಾಂಶಗಳನ್ನು ಓದಿ ಕೇಳಿಕೊಂಡು ಬರುವವರು ಇದನ್ನು ಗಮನಿಸಬೇಕು.

ಐದನೆಯದು: ಮುಚ್ಚಿಡದೆ ಹೇಳಬೇಕಾದವು

ಟೆಟ್ರಾಸೈಕ್ಲಿನ್, ಡಾಕ್ಸಿಸೈಕ್ಲಿನ್, ಮಿನೊಸೈಕ್ಲಿನ್ ಒಂದೇ ಕುಟುಂಬದವು. ಒಂದರ ಅಲರ್ಜಿ ಇದ್ದರೆ ಮೂರೂ ಬೇಡ. ಗರ್ಭಿಣಿಯರು, ಎದೆಹಾಲುಣಿಸುವವರು, ಎಂಟು ವರ್ಷದೊಳಗಿನ ಮಕ್ಕಳು ಈ ಕುಟುಂಬದ ಔಷಧಗಳಿಂದ ದೂರವಿರಬೇಕು, ಬೆಳೆಯುತ್ತಿರುವ ಹಲ್ಲುಗಳಿಗೆ ಅವು ಕಲೆ ಹಿಡಿಸುತ್ತವೆ. ಕ್ಲೋರ್‌ಹೆಕ್ಸಿಡಿನ್ ಅಲರ್ಜಿ ಅಪರೂಪ, ಆದರೆ ಬಂದಾಗ ಪ್ರಾಣಾಪಾಯದ ಮಟ್ಟಕ್ಕೂ ಹೋಗಬಲ್ಲದು. ಬಾಯಿ ಮುಕ್ಕಳಿಸುವ ದ್ರವದಿಂದಾಗಲಿ ಗಾಯ ತೊಳೆಯುವ ದ್ರವದಿಂದಾಗಲಿ ಹಿಂದೆ ಎಂದಾದರೂ ತುರಿಕೆ, ಊತ, ಉಸಿರುಕಟ್ಟುವಿಕೆ ಆಗಿದ್ದರೆ ಹೇಳಿಬಿಡಿ. ರಕ್ತ ತೆಳುಗೊಳಿಸುವ ಮಾತ್ರೆ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ, ಬಾಯಲ್ಲಿ ಪದೇಪದೇ ಬರುವ ಶಿಲೀಂಧ್ರದ ಸೋಂಕು ಇವನ್ನೂ ಪಟ್ಟಿಗೆ ಸೇರಿಸಿ.

ಆರನೆಯದು: ಔಷಧ ಇಡುವ ದಿನ

ಹಲ್ಲುಜ್ಜಿಕೊಂಡು ಹೋಗಿ. ಆ ಜಾಗದಲ್ಲಿ ಗಾರೆ ಉಳಿದಿದ್ದರೆ ಮತ್ತೊಮ್ಮೆ ತೆಗೆಯುತ್ತಾರೆ. ಅದಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಬೇಕಾಗಬಹುದು, ಬರಿಯ ಔಷಧ ಇಡಲು ಸಾಮಾನ್ಯವಾಗಿ ಬೇಕಿಲ್ಲ. ರಕ್ತ ನಿಂತ ಮೇಲೆ ಹತ್ತಿಯ ಸುರುಳಿ ಇಟ್ಟು ಜೊಲ್ಲನ್ನು ತಡೆದು ಜಾಗವನ್ನು ಒಣಗಿಸುತ್ತಾರೆ. ಇದು ಕಾಟಾಚಾರದ ಹೆಜ್ಜೆಯಲ್ಲ: ಚಿಪ್ ಒದ್ದೆಯಾದರೆ ಮೆತ್ತಗಾಗಿ ಮಡಚಿಕೊಳ್ಳುತ್ತದೆ, ಒಳಕ್ಕೆ ಹೋಗುವುದೇ ಇಲ್ಲ. ಇಕ್ಕುಳದಲ್ಲಿ ಹಿಡಿದು ದುಂಡು ತುದಿಯನ್ನು ಕೆಳಗೆ ಮಾಡಿ ಪಾಕೆಟ್‌ನ ತಳ ಮುಟ್ಟುವವರೆಗೆ ಒಂದೇ ಒತ್ತಿಗೆ ಇಳಿಸುತ್ತಾರೆ. ಜೆಲ್ ಅಥವಾ ಪುಡಿಯಾದರೆ ಮೊಂಡು ತುದಿಯನ್ನು ತಳದವರೆಗೆ ಇಳಿಸಿ, ಔಷಧ ಬಿಡುತ್ತ ಮೇಲಕ್ಕೆ ತರುತ್ತಾರೆ. ಒಂದು ಜಾಗಕ್ಕೆ ಹಿಡಿಯುವುದು ಕೆಲವೇ ನಿಮಿಷ. ಎದ್ದು ಬರುವ ಮುನ್ನ ಯಾವ ಹಲ್ಲಿನ ಯಾವ ಬದಿಗೆ ಇಟ್ಟರು, ಅಲ್ಲಿನ ಆಳವೆಷ್ಟು, ಔಷಧದ ಹೆಸರೇನು ಎಂಬುದನ್ನು ಬರೆಸಿಕೊಳ್ಳಿ.

ಏಳನೆಯದು: ಮೊದಲ ಹತ್ತು ದಿನಗಳು

ಪ್ರತಿ ಔಷಧದ ಸೂಚನೆ ಸ್ವಲ್ಪ ಬೇರೆಯಾದರೂ ತತ್ವ ಒಂದೇ, ಇಟ್ಟದ್ದು ಅಲುಗಬಾರದು. ಮಿನೊಸೈಕ್ಲಿನ್ ಗೋಲಗಳಾದರೆ 12 ಗಂಟೆ ಹಲ್ಲುಜ್ಜಬಾರದು, ಹತ್ತು ದಿನ ಆ ಸಂದಿನಲ್ಲಿ ದಾರವಾಗಲಿ ಸಣ್ಣ ಬ್ರಷ್ಷಾಗಲಿ ಬೇಡ. ಚಿಪ್ ಇಟ್ಟ ಜಾಗದಲ್ಲೂ ಹತ್ತು ದಿನ ದಾರ ಬೇಡ. ಡಾಕ್ಸಿಸೈಕ್ಲಿನ್ ಜೆಲ್ ಇಟ್ಟ ಕಡೆ ಒಂದು ವಾರ ಬ್ರಷ್ಷನ್ನೂ ದಾರವನ್ನೂ ಸೋಕಿಸಬಾರದು. ಬಾಯಿಯ ಉಳಿದ ಭಾಗವನ್ನು ಎಂದಿನಂತೆ ಶುಚಿಯಾಗಿಡಿ. 'ಔಷಧ ಇಟ್ಟಿದ್ದಾರೆ' ಎಂದು ಇಡೀ ಬಾಯನ್ನೇ ಹತ್ತು ದಿನ ಬಿಟ್ಟುಬಿಡುವವರೂ ಇದ್ದಾರೆ, ಅದು ಲಾಭಕ್ಕಿಂತ ನಷ್ಟ. ಗಟ್ಟಿಯಾದ, ಗರಿಗರಿಯಾದ, ಅಂಟುವ ಪದಾರ್ಥಗಳನ್ನು ಒಂದು ವಾರ ಆ ಬದಿಯಲ್ಲಿ ಅಗಿಯಬೇಡಿ, ನಾಲಗೆಯಿಂದಲೂ ಬೆರಳಿನಿಂದಲೂ ಕೆದಕಬೇಡಿ.

ಮೊದಲ ಒಂದೆರಡು ದಿನ ಆ ಜಾಗದಲ್ಲಿ ಒತ್ತಡ, ಸಣ್ಣ ನೋವು, ಮುಟ್ಟಿದರೆ ಜುಮ್ಮೆನ್ನುವುದು ಸಾಮಾನ್ಯ. ಚಿಪ್ ಊದಿಕೊಳ್ಳುವಾಗ ಇದು ತುಸು ಹೆಚ್ಚೇ ಇರುತ್ತದೆ. ಚಿಪ್ ಎರಡು ದಿನದೊಳಗೆ ಬಿದ್ದುಹೋದರೆ ವೈದ್ಯರಿಗೆ ತಿಳಿಸಿ, ಹೊಸದನ್ನು ಇಡಬೇಕಾಗಬಹುದು. ವಾರ ಕಳೆದ ಮೇಲೆ ಬಿದ್ದರೆ ಅದರ ಕೆಲಸ ಬಹುಮಟ್ಟಿಗೆ ಮುಗಿದಿರುತ್ತದೆ. ನೋವು ದಿನದಿಂದ ದಿನಕ್ಕೆ ಏರಿದರೆ, ಊತ ಅಥವಾ ಕೀವು ಕಂಡರೆ, ಜ್ವರ ಬಂದರೆ ಕಾಯದೆ ಹೋಗಿ ತೋರಿಸಿ. ಮೈ ತುರಿಕೆ, ತುಟಿ ಅಥವಾ ಮುಖದ ಊತ, ಉಸಿರಾಟದ ತೊಂದರೆ ಕಾಣಿಸಿದರೆ ಅದು ತುರ್ತು ಸ್ಥಿತಿ. ದಂತವೈದ್ಯರ ಸಮಯಕ್ಕಾಗಿ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಎಂಟನೆಯದು: ಮತ್ತೆ ಅಳೆಸಿ

ಸುಮಾರು ಮೂರು ತಿಂಗಳ ಬಳಿಕ ಅದೇ ಜಾಗವನ್ನು ಅದೇ ಬಗೆಯ ಪ್ರೋಬ್‌ನಿಂದ ಅಳೆಯಬೇಕು. ಇಲ್ಲಿ ನಿರೀಕ್ಷೆಯ ಅಳತೆಗೋಲು ಸರಿಯಾಗಿರಲಿ. ಮೇಲೆ ಹೇಳಿದಂತೆ ಔಷಧದಿಂದ ಸಿಗುವ ಹೆಚ್ಚುವರಿ ಲಾಭ ಸರಾಸರಿ ಅರ್ಧ ಮಿಲಿಮೀಟರಿನ ಆಸುಪಾಸಿನದು, ಪ್ರೋಬ್‌ನ ಕೈತಪ್ಪು ಒಂದು ಮಿಲಿಮೀಟರಿನವರೆಗೂ ಇರಬಹುದು. ಹಾಗಾಗಿ '6 ಇದ್ದದ್ದು 5 ಆಯಿತು' ಎಂಬುದೊಂದರಿಂದಲೇ ಗೆದ್ದೆವೆಂದು ತೀರ್ಮಾನಿಸಲಾಗದು. ಆಳ 4 ಅಥವಾ ಅದಕ್ಕೂ ಕೆಳಕ್ಕೆ ಇಳಿದು, ಪ್ರೋಬ್ ತಾಗಿದಾಗ ರಕ್ತ ಬರದಿದ್ದರೆ ಆ ಪಾಕೆಟ್ ಮುಚ್ಚಿದಂತೆಯೇ ಲೆಕ್ಕ. ರಕ್ತ ನಿಲ್ಲುವುದನ್ನು ನಾನು ಅಂಕಿಗಿಂತ ಹೆಚ್ಚು ನಂಬುತ್ತೇನೆ. ಕಳೆದುಹೋದ ಮೂಳೆ ಈ ಔಷಧಗಳಿಂದ ಮರಳಿ ಬರುವುದಿಲ್ಲ. ಸರಿದ ವಸಡು ಮೇಲೇರುವುದೂ ಇಲ್ಲ, ಊತ ಇಳಿದಾಗ ಹಲ್ಲು ಇನ್ನಷ್ಟು ಉದ್ದವಾಗಿ ಕಾಣಬಹುದು.

ಆ ಜಾಗ ಇಳಿದಿದ್ದರೆ ಮುಂದಿನದು ಮೂರರಿಂದ ಆರು ತಿಂಗಳಿಗೊಮ್ಮೆ ಬರುವ ನಿರ್ವಹಣಾ ಭೇಟಿ. ಅರ್ಧ ಇಳಿದಿದ್ದರೆ ಮತ್ತೊಮ್ಮೆ ಶುಚಿಗೊಳಿಸಿ ಇನ್ನೊಮ್ಮೆ ಔಷಧ ಇಡಬಹುದು. ಚಿಪ್ ಅನ್ನು ಮೂರು ತಿಂಗಳಿಗೊಮ್ಮೆ ಇಡುವ ಕ್ರಮವಿದೆ. ಎರಡನೆಯ ಬಾರಿಯೂ ಜಾಗ ಹಾಗೆಯೇ ಉಳಿದು, 6 ಮಿಲಿಮೀಟರ್ ಅಥವಾ ಹೆಚ್ಚು ಆಳವಿದ್ದು ರಕ್ತವೂ ಬರುತ್ತಿದ್ದರೆ ಮೂರನೆಯ ಔಷಧ ಕೇಳುವುದಕ್ಕಿಂತ, ಮೊದಲ ಚಾರ್ಟು ಮತ್ತು ಈಗಿನ ಚಾರ್ಟನ್ನು ಅಕ್ಕಪಕ್ಕ ಇಟ್ಟುಕೊಂಡು ವಸಡು ತಜ್ಞರ ಬಳಿ ಶಸ್ತ್ರಚಿಕಿತ್ಸೆಯ ಕುರಿತು ಮಾತಾಡುವ ಹೊತ್ತು ಬಂದಿದೆ.